ಕರ್ಚೀಫಿನಲ್ಲಿ ಕಟ್ಟಿಕೊಂಡ ತಾಳಿ

(ಡೊಂಬಿವಲಿಯಲ್ಲಿ ಕನ್ನಡದವರು ಸೇರಿದ್ದ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ಅಂದು ಸಮಯ ಸಾಲದೆ ಬಿಟ್ಟ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಅರಿವಳಿಕೆ ವೈದ್ಯೆ. ‘ಅನಸ್ತೇಸಿಯಾ ಡಾಕ್ಟ್ರು’ ಅಂದರೆ ಬೇಗ ಗೊತ್ತಾಗುತ್ತದೆ. ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಮುಂಬೈಗೆ ಬಂದು ಇಪ್ಪತ್ತೈದು ವರ್ಷವಾಯಿತು. ಅದರಲ್ಲಿ ಬಹುಪಾಲು ಹೆರಿಗೆ ಆಸ್ಪತ್ರೆಗಳಲ್ಲೇ ಕಳೆದಿದೆ. ಸಿಸೇರಿಯನ್ ಬಗ್ಗೆ ಮಾತಾಡಿ ಅಂತ ಇಲ್ಲಿನವರು ಕರೆದಾಗ, ವಿಷಯವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಳ್ಳುತ್ತೇನೆ ಅಂದೆ. ಬಸುರಿಯರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅವರನ್ನು ಒಳಗೆ ಕಳಿಸಿ ಬಾಗಿಲ ಹೊರಗೆ ಉಳಿಯುವವರ ಬಗ್ಗೆ ಯಾರೂ ಹೇಳುವುದಿಲ್ಲ. ಉಳಿಯುವವನು ಗಂಡ ಒಬ್ಬನೇ ಅಲ್ಲ. ಅಮ್ಮ ಇರುತ್ತಾರೆ, ಅತ್ತೆ ಇರುತ್ತಾರೆ, ಊರಿನಿಂದ ಯಾರೂ ಬರಲಾಗದಿದ್ದರೆ ಪಕ್ಕದ ಖೋಲಿಯ ಮರಾಠಿ ಹೆಂಗಸೇ ಬಂದು ಕೂತಿರುತ್ತಾಳೆ.

ಒಂದು ದೃಶ್ಯದಿಂದ ಶುರು ಮಾಡುತ್ತೇನೆ. ಥಿಯೇಟರಿಗೆ ಕರೆದೊಯ್ಯುವ ಮೊದಲು ಸಿಸ್ಟರ್ ಬಂದು ಒಡವೆ ಬಿಚ್ಚಿಸುತ್ತಾರೆ. ಬಳೆ, ಓಲೆ, ಮೂಗುಬಟ್ಟು. ಕಾಲು ಊದಿಕೊಂಡಿರುವುದರಿಂದ ಕಾಲುಂಗುರಕ್ಕೆ ಸೋಪಿನ ನೀರು ಬೇಕಾಗುತ್ತದೆ. ಕೊನೆಗೆ ತಾಳಿ. ಎಲ್ಲವನ್ನೂ ಒಂದು ಕರ್ಚೀಫಿನಲ್ಲಿ ಹಾಕಿ ಗಂಡನ ಕೈಗೆ ಕೊಟ್ಟು, ಎಣಿಸಿಕೊಳ್ಳಿ, ಇಲ್ಲಿ ಸಹಿ ಮಾಡಿ ಅನ್ನುತ್ತಾರೆ. ಆಮೇಲೆ ಸ್ಟ್ರೆಚರ್ ಹೊರಡುತ್ತದೆ, ಬಾಗಿಲು ಮುಚ್ಚುತ್ತದೆ.

ಯೋಚಿಸಿ ನೋಡಿ. ನಮ್ಮ ಮನೆಗಳಲ್ಲಿ ಹೆಂಡತಿಯ ಕೊರಳಿಂದ ತಾಳಿ ಇಳಿಯುವುದು ಅಂದರೆ ಏನರ್ಥ ಅಂತ ಆ ಹುಡುಗನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅವನು ಎಷ್ಟೇ ಓದಿರಲಿ, ಐಟಿ ಕಂಪನಿಯಲ್ಲಿರಲಿ, ಆ ಗಂಟು ಅಂಗೈಗೆ ಬಂದ ಕ್ಷಣ ಹೊಟ್ಟೆಯೊಳಗೆ ಏನೋ ಕುಸಿಯುತ್ತದೆ. ಬಿಚ್ಚಿಸಲು ಕಾರಣ ಸರಳವಾದದ್ದು. ರಕ್ತ ಒಸರುವ ಸಣ್ಣ ನಾಳಗಳನ್ನು ವಿದ್ಯುತ್ತಿನ ಉಪಕರಣದಿಂದ ಸುಟ್ಟು ಮುಚ್ಚುತ್ತೇವೆ, ಆಗ ಮೈಮೇಲೆ ಲೋಹವಿದ್ದರೆ ಅಲ್ಲಿ ಚರ್ಮ ಸುಡುವ ಸಂಭವವಿದೆ. ಊದಿದ ಬೆರಳಿಗೆ ಉಂಗುರ ಬಿಗಿದುಕೊಳ್ಳುತ್ತದೆ. ಒಡವೆ ಕಳೆದುಹೋಗಲೂಬಹುದು. ಇಷ್ಟನ್ನು ಹೇಳಲು ಅರ್ಧ ನಿಮಿಷ ಸಾಕು, ಆದರೆ ಆ ಅರ್ಧ ನಿಮಿಷ ಯಾರಿಗೂ ಸಿಗುವುದಿಲ್ಲ. ಮನಸ್ಸು ಒಪ್ಪದವರು ಬರೀ ಅರಿಸಿನದ ದಾರ ಕಟ್ಟಿಕೊಂಡು ಬರಬಹುದೇ ಅಂತ ಮೊದಲೇ ಕೇಳಿ. ನಾನಂತೂ ಬೇಡ ಅನ್ನುವುದಿಲ್ಲ.

ಹೊರಗಿರುವವರ ಭಯದಲ್ಲಿ ಎಷ್ಟೋ ಪಾಲು ಹೀಗೆಯೇ ಹುಟ್ಟುತ್ತದೆ ಅನ್ನುವುದು ನನ್ನ ಅನುಭವ. ನಾವು ಅವರ ಕೈಗೆ ಗಂಟು ಕೊಡುತ್ತೇವೆ, ಫಾರ್ಮು ಕೊಡುತ್ತೇವೆ, ಬಿಲ್ಲು ಕೊಡುತ್ತೇವೆ, ರಕ್ತದ ಚೀಟಿ ಕೊಡುತ್ತೇವೆ. ಏನು ನಡೆಯುತ್ತಿದೆ ಅನ್ನುವ ಮಾತೊಂದನ್ನು ಬಿಟ್ಟು.

ತುರ್ತಿನ ಸಿಸೇರಿಯನ್‌ನಲ್ಲಿ ಹೆದರಲು ಪುರುಸೊತ್ತೇ ಇರುವುದಿಲ್ಲ. ಮೊದಲೇ ನಿಗದಿಯಾದದ್ದರಲ್ಲಿ ಹಾಗಲ್ಲ, ಆ ಭಯಕ್ಕೆ ಒಂದು ತಾರೀಖು ಇರುತ್ತದೆ. ಮೂರು ವಾರ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ದಿನಾ ಲೋಕಲ್ ಹತ್ತಿ ಕೆಲಸಕ್ಕೆ ಹೋಗಿ, ದಿನಾ ಒಂದು ದಿನ ಕಮ್ಮಿಯಾಗುವುದನ್ನು ನೋಡುತ್ತಾ ಇರಬೇಕು. ಜೊತೆಗೆ, ಮೊದಲೇ ನಿಗದಿ ಮಾಡುವುದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ. ಮಗು ತಲೆ ಮೇಲಾಗಿ ಕೂತಿದೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಬಂದಿದೆ, ಅವಳಿ ಮಕ್ಕಳು, ಇಲ್ಲವೇ ಹಿಂದಿನ ಹೆರಿಗೆಯೂ ಆಪರೇಷನ್ ಆಗಿತ್ತು. ಈ ಕೊನೆಯದೇ ಹೆಚ್ಚು. ಆ ಹಿಂದಿನ ಹೆರಿಗೆಯಲ್ಲಿ ನಡುರಾತ್ರಿ ಓಡಾಟವಾಗಿದ್ದರೆ, ಅದನ್ನೆಲ್ಲ ಕಣ್ಣಾರೆ ಕಂಡ ಗಂಡ ಈ ಸಲ ಸುಮ್ಮನೆ ಬಂದು ಕೂತಿರುತ್ತಾನೆ. ಹೆಂಡತಿಗೆ ನೋವಿನ ಮತ್ತು ಔಷಧಿಗಳ ಮಂಪರಿನಲ್ಲಿ ಎಷ್ಟೋ ಮರೆತುಹೋಗಿರುತ್ತದೆ. ಇವನಿಗೆ ಒಂದೂ ಮರೆತಿರುವುದಿಲ್ಲ.

ಇದು ಎಲ್ಲೋ ಒಬ್ಬರ ಮನೆಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇಕಡ 21.5ರಷ್ಟು ಹೆರಿಗೆಗಳು ಸಿಸೇರಿಯನ್. ಮಹಾರಾಷ್ಟ್ರದಲ್ಲಿ 25.4, ನಮ್ಮ ಕರ್ನಾಟಕದಲ್ಲಿ 31.5. ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ ಇಡೀ ದೇಶದ ಲೆಕ್ಕ ಶೇಕಡ 47.4. ಇಷ್ಟೊಂದು ಬೇಕೇ ಅನ್ನುವುದು ಬೇರೆಯೇ ಚರ್ಚೆ, ಬೇಡ ಅನ್ನುವವರ ಪಕ್ಷ ನಾನು. ಇವತ್ತು ಅದನ್ನು ಎತ್ತುವುದಿಲ್ಲ.

ಇಲ್ಲಿ ಕೂತಿರುವ ಹಿರಿಯರನ್ನು ಕೇಳುತ್ತೇನೆ. ನಿಮ್ಮ ಮಕ್ಕಳು ಹುಟ್ಟಿದಾಗ ನೀವೆಲ್ಲಿದ್ದಿರಿ? ಹೆಂಡತಿ ಏಳನೆಯ ತಿಂಗಳಿಗೆ ಸೀಮಂತ ಮುಗಿಸಿ ತವರಿಗೆ ಹೋದರು. ನೀವು ಮಾಟುಂಗಾದ ಹೋಟೆಲಿನಲ್ಲೋ ಫೋರ್ಟಿನ ಆಫೀಸಿನಲ್ಲೋ ಇದ್ದಿರಿ. ಟೆಲಿಗ್ರಾಂ ಬಂತು, ಪೇಡೆ ಹಂಚಿದಿರಿ. ಹೆರಿಗೆ ಅನ್ನುವುದು ಹೆಂಗಸರ ಲೋಕವಾಗಿತ್ತು, ಅಲ್ಲಿ ಸೂಲಗಿತ್ತಿಯದೇ ಆಳ್ವಿಕೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಅವರು ಮಾಡಿಸಿದ ಸಾವಿರಾರು ಹೆರಿಗೆಗಳ ಲೆಕ್ಕ ಹೇಳಿದರು. ನನಗೆ ದೊಡ್ಡದಾಗಿ ಕಂಡದ್ದು ಸೂಲಗಿತ್ತಿಯರ ಇನ್ನೊಂದು ಕೆಲಸ. ಅವರು ಪಕ್ಕದಲ್ಲಿ ಕೂತಿರುತ್ತಿದ್ದರು, ಬಿಟ್ಟು ಏಳುತ್ತಿರಲಿಲ್ಲ. ಈಗ ಆ ಕೂರುವ ಕೆಲಸ ನಿಮ್ಮ ಮಕ್ಕಳ ಪಾಲಿಗೆ ಬಂದಿದೆ. ಅಪ್ಪ ಮಾಡಿದ್ದನ್ನು ನೋಡಿ ಕಲಿತದ್ದಲ್ಲ, ಮನೆಯಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ. ಅವರಿಗೆ ಹೆದರಿಕೆಯಾದರೆ ಅದು ಪುಕ್ಕಲುತನ ಅಲ್ಲ.

ಸಹಿಯ ವಿಷಯ ಹೇಳಬೇಕು. ವಿಜಯಪುರ ಕಡೆಯ ಒಬ್ಬ ಹುಡುಗ, ಕಲ್ಯಾಣದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವನು. ಕೈಯಲ್ಲಿ ಇಂಗ್ಲಿಷಿನ ಫಾರ್ಮು, ಪಕ್ಕದಲ್ಲಿ ಅವನಿಗೆ ಅರ್ಧ ಮಾತ್ರ ಅರ್ಥವಾಗುವ ಮರಾಠಿಯಲ್ಲಿ ಅವಸರ ಮಾಡುತ್ತಿರುವ ಗುಮಾಸ್ತ. ನಾನು ಹಾದುಹೋಗುವಾಗ ಕನ್ನಡ ಮಾತಾಡಿದ್ದು ಕೇಳಿ ಹಿಂದೆಯೇ ಬಂದ. “ಇಲ್ಲೆ ಸಹಿ ಮಾಡಿದ್ರ, ಆಕಿಗೆ ಏನರ ಆತಂದ್ರ ಅದಕ್ಕ ನಾನ ಹೊಣಿ ಅಂತ ಬರದೈತೇನ್ರೀ ಮೇಡಮ್?” ಅಂತ ಕೇಳಿದ. ಎರಡು ದಿನದಿಂದ ಅವನು ಅದನ್ನೇ ಎದೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ. ಸಹಿ ಮಾಡಿದರೆ ಹೆಂಡತಿಯನ್ನು ಬರೆದುಕೊಟ್ಟ ಹಾಗೆ, ಮಾಡದಿದ್ದರೆ ಆಪರೇಷನ್ ಮಾಡುವುದಿಲ್ಲ.

ನಾನು ಅವನನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ. ವಯಸ್ಸಿಗೆ ಬಂದ, ಬುದ್ಧಿ ಸ್ಥಿಮಿತದಲ್ಲಿರುವ ಹೆಂಗಸಿನ ಆಪರೇಷನ್‌ಗೆ ಬೇಕಾದದ್ದು ಅವಳದೇ ಒಪ್ಪಿಗೆ. 2008ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪ್ರಕರಣ ಬಂದಿತ್ತು. ಅರಿವಳಿಕೆಯಲ್ಲಿದ್ದ ಮಹಿಳೆಯ ಗರ್ಭಕೋಶ ತೆಗೆಯಲು ವೈದ್ಯರು ಆಕೆಯ ತಾಯಿಯ ಒಪ್ಪಿಗೆ ಪಡೆದಿದ್ದರು. ತುರ್ತಿಲ್ಲದಿರುವಾಗ ತಾಯಿಯ ಒಪ್ಪಿಗೆ ಆಕೆಯದಾಗುವುದಿಲ್ಲ ಅಂತ ಕೋರ್ಟು ಹೇಳಿತು. ಗಂಡನ ಸಹಿ ಆಸ್ಪತ್ರೆಗಳ ರೂಢಿ, ಅವನಿಗೂ ವಿಷಯ ತಿಳಿಸಿದ್ದೇವೆ ಅನ್ನುವುದಕ್ಕೆ. ಏನಾದರೂ ಆದರೆ ಅದು ಅವನ ತಪ್ಪಾಗುವುದಿಲ್ಲ. ‘ಸಾವು’ ಅನ್ನುವ ಪದ ಆ ಫಾರ್ಮಿನಲ್ಲಿ ಇದ್ದೇ ಇರುತ್ತದೆ, ಹಲ್ಲು ಕೀಳುವ ಫಾರ್ಮಿನಲ್ಲೂ ಇರುತ್ತದೆ. 2018-20ರ ಸರ್ಕಾರಿ ಲೆಕ್ಕದಂತೆ ಮಹಾರಾಷ್ಟ್ರದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 33 ತಾಯಂದಿರು ತೀರಿಕೊಂಡಿದ್ದಾರೆ. ಅದರಲ್ಲಿ ಎಲ್ಲ ಬಗೆಯ ಹೆರಿಗೆಯೂ, ತಡವಾಗಿ ಬಂದವರೂ, ರಕ್ತಹೀನತೆಯವರೂ ಸೇರಿದ್ದಾರೆ. ಮೊದಲೇ ಯೋಜಿಸಿ, ಹೊಟ್ಟೆ ಖಾಲಿ ಇಟ್ಟುಕೊಂಡು, ಹಗಲು ಹೊತ್ತಿನಲ್ಲಿ, ಎಲ್ಲ ಸಿದ್ಧತೆಯೊಂದಿಗೆ ಮಾಡುವ ಆಪರೇಷನ್ ತುರ್ತಿನಲ್ಲಿ ಮಾಡುವುದಕ್ಕಿಂತ ಎಷ್ಟೋ ಸುರಕ್ಷಿತ. ಆ ಹುಡುಗ ಕನ್ನಡದಲ್ಲಿ ಸಹಿ ಮಾಡಿದ. ನಾನು ಹೇಳಿದ್ದೆಲ್ಲ ಅವನ ಹೆಂಡತಿಗೂ ಹೇಳಬೇಕಂತೆ, ಅವಳೂ ಎರಡು ದಿನದಿಂದ ನಿದ್ದೆ ಮಾಡಿಲ್ಲವಂತೆ. ಜೊತೆಯವರ ಹೆದರಿಕೆಗೂ ತಾಯಿಯ ಹೆದರಿಕೆಗೂ ನಂಟಿದೆ ಅಂತ ಸಂಶೋಧಕರು ಈಗ ಬರೆಯುತ್ತಿದ್ದಾರೆ. ನನಗೆ ಅದು ಆ ಬೆಂಚಿನ ಮೇಲೆ ಕಂಡಿತ್ತು.

ಮುಹೂರ್ತದ ಮಾತು ಬೇಗ ಮುಗಿಸುತ್ತೇನೆ. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ, ಅದಾದ ಮೇಲೆ ಮಾಡಿ ಅಂದರೆ, ಥಿಯೇಟರ್ ಬಿಡುವಿದ್ದರೆ ನಮಗೇನೂ ಕಷ್ಟವಿಲ್ಲ. ಆದರೆ ಒಳ್ಳೆಯ ನಕ್ಷತ್ರ ಸಿಗಲಿ ಅಂತ 39 ವಾರ ತುಂಬುವ ಮೊದಲೇ ಮಗುವನ್ನು ತೆಗೆಯಿರಿ ಅಂದರೆ, ವೈದ್ಯಕೀಯ ಕಾರಣವಿಲ್ಲದೆ ನಾನು ಅದಕ್ಕೆ ಒಪ್ಪುವುದಿಲ್ಲ. ಶ್ವಾಸಕೋಶ ಇನ್ನೂ ತಯಾರಾಗಿರದ ಮಗು ಉಸಿರಿಗೆ ಕಷ್ಟಪಟ್ಟು ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ ಸೇರಬಹುದು. ಜೋಯಿಸರಿಗೂ ಡಾಕ್ಟರಿಗೂ ನಡುವೆ ಸಿಕ್ಕಿಕೊಳ್ಳುವವನು ಗಂಡ. ಎರಡೂ ಕಡೆ ತಲೆಯಾಡಿಸಿ ರಾತ್ರಿ ನಿದ್ದೆಗೆಡುತ್ತಾನೆ. ಹಿರಿಯರೇ, ಅವನನ್ನು ಆ ಇಕ್ಕಟ್ಟಿಗೆ ದೂಡಬೇಡಿ.

ಈಗ ಆ ಒಂದು ಗಂಟೆಯಲ್ಲಿ ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ. ಇದೇ ಇವತ್ತಿನ ಮುಖ್ಯ ಮಾತು.

ಮೊದಲು, ಬೆಳಿಗ್ಗೆ. ತಾಯಿ ಆರು ಗಂಟೆ ಮುಂಚಿನಿಂದ ಊಟ ತಿಂಡಿ ಬಿಟ್ಟಿರಬೇಕು, ನೀರನ್ನು ಸಾಮಾನ್ಯವಾಗಿ ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು. ಅವಳು ತಿನ್ನುತ್ತಿಲ್ಲ ಅಂತ ಗಂಡನೂ ತಿನ್ನುವುದಿಲ್ಲ. ಪ್ರೀತಿಯಿಂದಲೇ ಮಾಡುತ್ತಾನೆ. ಆದರೆ ಥಿಯೇಟರಿನಲ್ಲಿ ಕಣ್ಣು ಕತ್ತಲೆ ಬಂದು ಬೀಳುವುದು ಅವನೇ. ಅವನನ್ನು ಎತ್ತಲು ಇಬ್ಬರು ಬೇಕು, ಆ ಇಬ್ಬರು ಆಗ ಅವಳ ಹತ್ತಿರ ಇರಬೇಕಾದವರು. ದಯವಿಟ್ಟು ನಾಲ್ಕು ಇಡ್ಲಿ ತಿಂದು ಬನ್ನಿ.

ಆಮೇಲೆ ಬೆನ್ನಿನ ಇಂಜೆಕ್ಷನ್. ಆ ಹೊತ್ತಿಗೆ ಜೊತೆಯವರನ್ನು ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ. ಹದಿನೈದು, ಇಪ್ಪತ್ತು ನಿಮಿಷ ಬಾಗಿಲು ಮುಚ್ಚಿರುತ್ತದೆ, ಯಾರೂ ಏನೂ ಹೇಳುವುದಿಲ್ಲ. ಹೊರಗಿನವರಿಗೆ ಎಲ್ಲಕ್ಕಿಂತ ಕಷ್ಟದ ಹೊತ್ತು ಇದೇ. ಒಳಗೆ ಅವಳನ್ನು ಕೂರಿಸಿ, ಗದ್ದ ಎದೆಗೆ ತಾಗುವಂತೆ ಬಾಗಿಸಿ, ಬೆನ್ನು ಒರೆಸಿ, ಅರ್ಧ ಮಿಲಿಮೀಟರಿನಷ್ಟು ದಪ್ಪದ ಸೂಜಿಯಿಂದ ಸುಮಾರು ಎರಡು ಮಿಲಿಲೀಟರ್ ಔಷಧ ಹಾಕುತ್ತೇವೆ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದಿರುತ್ತದೆ, ನಮ್ಮ ಸೂಜಿ ಹೋಗುವುದು ಅದಕ್ಕಿಂತ ಕೆಳಗೆ. ಹುರಿಗೆ ಚುಚ್ಚಿಬಿಟ್ಟರೆ ಗತಿಯೇನು ಅಂತ ಕೇಳುವವರಿಗೆಲ್ಲ ನಾನು ಇದನ್ನೇ ಚಿತ್ರ ಬರೆದು ತೋರಿಸುತ್ತೇನೆ. ಇದು ಹೊಸ ಪ್ರಯೋಗವೂ ಅಲ್ಲ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಶುರು ಮಾಡಿದ್ದು. ಅವರು ತಮ್ಮ ಮೇಲೂ ಇದನ್ನು ಮಾಡಿಸಿಕೊಂಡು ಹಲವು ದಿನ ತಲೆನೋವಿನಿಂದ ಮಲಗಿದ್ದರು. ಆ ತಲೆನೋವು ಈಗಲೂ ಅಪರೂಪಕ್ಕೆ ಕೆಲವರಿಗೆ ಬರುತ್ತದೆ, ಸೂಜಿಗಳು ತೆಳ್ಳಗಾದ ಹಾಗೆ ಬಹಳ ಕಮ್ಮಿಯಾಗಿದೆ, ಬಂದರೆ ಚಿಕಿತ್ಸೆಯಿದೆ. ಜೀವಮಾನವಿಡೀ ಬೆನ್ನುನೋವು ಈ ಸೂಜಿಯಿಂದಲೇ ಅನ್ನುವ ನಂಬಿಕೆ ಮಾತ್ರ ನಿಜವಲ್ಲ. ಬಸಿರಿನ ಭಾರ, ಬಗ್ಗಿ ಕೂತು ಹಾಲೂಡಿಸುವುದು, ನಿದ್ದೆಯಿಲ್ಲದೆ ಮಗು ಎತ್ತಿಕೊಂಡು ಓಡಾಡುವುದು, ಇವು ಸಾಲವೇ ಬೆನ್ನು ನೋಯಲು?

ಎದೆಯ ಮಟ್ಟದವರೆಗೆ ಜೋಮು ಹಿಡಿಯಿತೇ ಅಂತ ತಣ್ಣಗಿನದನ್ನು ತಾಗಿಸಿ ನೋಡುತ್ತೇವೆ. ತಣ್ಣಗಿದೆ ಅನ್ನುವುದು ಗೊತ್ತಾಗುವುದು ನಿಲ್ಲುವ ತನಕ ಕತ್ತರಿ ಮುಟ್ಟುವುದಿಲ್ಲ. ಬಿಡುವ ಕಡೆಯಾದರೆ ಆಗ ನಿಮ್ಮನ್ನು ಒಳಗೆ ಕರೆಯುತ್ತಾರೆ. ಟೋಪಿ, ಮಾಸ್ಕು, ಗೌನು. ಒಳಗೆ ಚಳಿ. ನಿಮ್ಮ ಸ್ಟೂಲು ಅವಳ ತಲೆಯ ಪಕ್ಕದಲ್ಲಿ, ನನ್ನ ಪಕ್ಕದಲ್ಲಿ. ಹೊಟ್ಟೆಗೆ ಅಡ್ಡವಾಗಿ ಪರದೆ. ಮೇಜು ಎಡಕ್ಕೆ ಕೊಂಚ ವಾಲಿದಂತಿರುತ್ತದೆ. ಅದು ಜಾರುತ್ತಿರುವುದಲ್ಲ, ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಅಮುಕದಿರಲಿ ಅಂತ ನಾವೇ ವಾಲಿಸಿದ್ದು. ಸ್ವಲ್ಪ ಹೊತ್ತಿಗೆ ಅವಳು ಬಿಳಿಚಿಕೊಂಡು “ವಾಂತಿ ಬರ್ತಿದೆ” ಅನ್ನಬಹುದು. ಔಷಧದಿಂದ ಬಿಪಿ ಇಳಿದಿರುತ್ತದೆ. ನಾನು ಇನ್ನೊಂದು ಔಷಧ ಕೊಡುತ್ತೇನೆ, ಒಂದೆರಡು ನಿಮಿಷದಲ್ಲಿ ಮುಖಕ್ಕೆ ಬಣ್ಣ ಬರುತ್ತದೆ. ಮೈ ಗಡಗಡ ನಡುಗಬಹುದು, ಹಲ್ಲು ಕಟಕಟ ಅನ್ನಬಹುದು. ಅದು ನೋವೂ ಅಲ್ಲ, ಜ್ವರವೂ ಅಲ್ಲ. ಸುಟ್ಟ ವಾಸನೆ ಬರುತ್ತದೆ, ಆ ವಿದ್ಯುತ್ ಉಪಕರಣದ್ದು. ಗೊರ ಗೊರ ಅನ್ನುವ ಸದ್ದು ರಕ್ತ, ನೀರು ಹೀರಿಕೊಳ್ಳುವ ಸಕ್ಷನ್ ಯಂತ್ರದ್ದು. ಗೋಡೆಯ ಹತ್ತಿರದ ಬಾಟಲಿಯಲ್ಲಿ ಕೆಂಪು ನೀರು ತುಂಬುತ್ತಾ ಹೋಗುವುದು ಕಂಡರೆ ಎದೆ ಒಡೆದುಕೊಳ್ಳಬೇಡಿ, ಅದರಲ್ಲಿ ಬಹಳಷ್ಟು ಮಗುವಿನ ಸುತ್ತ ಇದ್ದ ನೀರು. ಬಸಿರಿನಲ್ಲಿ ಮೈಯ ರಕ್ತ ಶೇಕಡ 40ರಷ್ಟು ಹೆಚ್ಚಿರುತ್ತದೆ, ಹೆರಿಗೆಯಲ್ಲಿ ಹೋಗುವುದಕ್ಕೆಂದೇ ದೇಹ ಕೂಡಿಟ್ಟುಕೊಂಡಂತೆ.

ಅವಳಿಗೆ ನೋವು ಇರುವುದಿಲ್ಲ, ಎಳೆಯುವುದು ಒತ್ತುವುದು ಗೊತ್ತಾಗುತ್ತದೆ. “ಯಾರೋ ಹೊಟ್ಟೆಯೊಳಗೆ ಪಾತ್ರೆ ತೊಳೆದ ಹಾಗಿತ್ತು” ಅಂತ ಒಬ್ಬರು ನನಗೆ ಹೇಳಿದ್ದರು. ಕೊಯ್ದ ಮೇಲೆ ಮಗು ಹೊರಗೆ ಬರಲು ಸಾಧಾರಣವಾಗಿ ಐದರಿಂದ ಹತ್ತು ನಿಮಿಷ. ಹಿಂದೆ ಆಪರೇಷನ್ ಆಗಿದ್ದರೆ ಇನ್ನಷ್ಟು ಹೊತ್ತು ಹಿಡಿಯಬಹುದು.

ಆಮೇಲೆ ಬರುತ್ತದೆ ಒಂದು ಮೌನ. ಮಗು ಹೊರಗೆ ಬಂದಿದೆ, ಇನ್ನೂ ಅತ್ತಿಲ್ಲ. ಕೆಲವೇ ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷ. ಗಂಡಂದಿರು ಆ ಹೊತ್ತಿನಲ್ಲಿ ನನ್ನ ತೋಳು ಹಿಡಿದುಕೊಂಡದ್ದಿದೆ, ಯಾರ ತೋಳು ಅಂತ ಅವರಿಗೇ ಗೊತ್ತಿರುವುದಿಲ್ಲ. ಮಗುವಿನ ಮೈ ನೀಲಿ ಛಾಯೆಯದಾಗಿ, ಬಿಳಿ ಜಿಡ್ಡು ಮೆತ್ತಿಕೊಂಡು ಇರುತ್ತದೆ. ಟಿವಿಯಲ್ಲಿ ಕಾಣುವ ಗುಲಾಬಿ ಮಗು ಅಲ್ಲ. ಅತ್ತ ಮೇಲೂ ಅಂಗೈ ಅಂಗಾಲು ಸ್ವಲ್ಪ ಹೊತ್ತು ನೀಲಿಯೇ. ಮಕ್ಕಳ ಡಾಕ್ಟರು ಒಂದನೆಯ ನಿಮಿಷಕ್ಕೆ, ಐದನೆಯ ನಿಮಿಷಕ್ಕೆ ಒಂದು ಅಂಕ ಕೊಡುತ್ತಾರೆ, ಅಪ್ಗಾರ್ ಅಂಕ. 1953ರಲ್ಲಿ ಅದನ್ನು ಪ್ರಕಟಿಸಿದವರು ವರ್ಜೀನಿಯಾ ಅಪ್ಗಾರ್, ಅವರೂ ಅರಿವಳಿಕೆ ವೈದ್ಯೆಯೇ. ತಾಯಿಯ ತಲೆಯ ಬಳಿ ನಿಂತು ಮಗುವಿನ ಕಡೆಗೂ ನೋಡಿದವರು. ನಮ್ಮ ವೃತ್ತಿಯ ಬಗ್ಗೆ ನನಗೆ ಹೆಮ್ಮೆ ಬರುವುದು ಅವರನ್ನು ನೆನೆದಾಗ.

ಮಗು ಬಂದ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಹೊಲಿಗೆಗೆ ಇನ್ನೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕು. ಮಗುವನ್ನು ಹೊರಗೆ ತರುತ್ತಾರೆ, ತಾಯಿ ಬರುವುದಿಲ್ಲ. ಇದು ಗೊತ್ತಿಲ್ಲದ ಎಷ್ಟೋ ಜನ ಮಗುವನ್ನು ಎತ್ತಿಕೊಂಡೇ “ಅವಳೆಲ್ಲಿ, ಅವಳಿಗೇನಾಯ್ತು” ಅಂತ ಕೂಗಿದ್ದಾರೆ. ಮಗುವಿನ ಜೊತೆ ಯಾರು ಹೋಗುವುದು, ಅವಳಿಗಾಗಿ ಬಾಗಿಲಲ್ಲಿ ಯಾರು ಉಳಿಯುವುದು ಅಂತ ಹಿಂದಿನ ದಿನವೇ ಮಾತಾಡಿಕೊಳ್ಳಿ. ಹೊರಗೆ ಬಂದ ಮೇಲೆ ಎರಡು ಮೂರು ಗಂಟೆ ಅವಳ ಕಾಲು ಅಲ್ಲಾಡುವುದಿಲ್ಲ, ಅದಕ್ಕೂ ಗಾಬರಿ ಬೇಡ.

ಇನ್ನು ಒಳಗೆ ಬಿಡುವ ವಿಷಯ. ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ತನಗೆ ಬೇಕಾದವರು ಜೊತೆಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಹೆಂಗಸನ್ನು, ಮರೆಯಿರುವ ಕಡೆ ಗಂಡನನ್ನು ಬಿಡಬಹುದು ಅಂದಿದೆ. ಆಪರೇಷನ್ ಥಿಯೇಟರಿನ ಮಾತು ಬಂದಾಗ ಆಸ್ಪತ್ರೆಗೊಂದು ನಿಯಮ. ಒಂದೇ ಕೋಣೆಯಲ್ಲಿ ಎರಡು ಮೇಜು ಹಾಕಿರುವ ದೊಡ್ಡ ಆಸ್ಪತ್ರೆಗಳಲ್ಲಿ ಬಿಡಲು ನಿಜಕ್ಕೂ ಆಗುವುದಿಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗಿ ಬಂದರೆ ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ಒಂದು ಮಾತು ಹೊರಗೆ ಕಳಿಸುವುದಕ್ಕೆ ಏನು ಅಡ್ಡಿ? “ಇಂಜೆಕ್ಷನ್ ಆಯಿತು, ಚೆನ್ನಾಗಿದ್ದಾರೆ, ಶುರು ಮಾಡುತ್ತಿದ್ದೇವೆ.” ನಾನು ಕೆಲಸ ಮಾಡುವ ಕಡೆ ಈ ಮಾತು ಹೇಳಿಬರಲು ಒಬ್ಬ ಆಯಾಗೆ ಒಪ್ಪಿಸಿದ್ದೇವೆ. ಖರ್ಚಿಲ್ಲದ ಕೆಲಸ. ನೀವು ಹೋಗುವ ಆಸ್ಪತ್ರೆಯಲ್ಲೂ ಕೇಳಿ, ನಾಚಿಕೆಪಡಬೇಡಿ.

ಇದು ನನಗೆ ಪುಸ್ತಕದಿಂದ ಬಂದ ಬುದ್ಧಿಯಲ್ಲ. ನನ್ನ ಮಗಳು ಹುಟ್ಟಿದ್ದೂ ಹೀಗೆಯೇ, ತಲೆ ಮೇಲಾಗಿ ಕೂತಿದ್ದಳು, ತಾರೀಖು ಕೊಟ್ಟಿದ್ದರು. ನನ್ನ ಯಜಮಾನರು ಬ್ಯಾಂಕಿನಲ್ಲಿದ್ದವರು, ಆಸ್ಪತ್ರೆಯ ವಾಸನೆಗೇ ಹಿಂಜರಿಯುವವರು. ಹಿಂದಿನ ರಾತ್ರಿ ಅವರು ಏನೋ ಕೇಳಲು ಬಾಯಿ ತೆರೆದಾಗ, “ಒಳಗೆ ಇರೋರೆಲ್ಲ ನನಗೆ ಗೊತ್ತಿರೋರೇ, ನಿಮಗ್ಯಾಕೆ ಭಯ” ಅಂದು ಮಗ್ಗುಲಾದೆ. ಪರರ ಗಂಡಂದಿರಿಗೆ ಚಿತ್ರ ಬರೆದು ವಿವರಿಸಿದವಳು ನನ್ನವರಿಗೆ ಒಂದು ಮಾತು ಹೇಳಲಿಲ್ಲ. ಅವರು ಹೊರಗೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತಿದ್ದರಂತೆ. ಬಾಗಿಲು ತೆರೆದು ವಾರ್ಡ್‌ಬಾಯ್ ಒಬ್ಬ ರಕ್ತದ ಸ್ಯಾಂಪಲ್ ಹಿಡಿದು ಓಡಿದನಂತೆ. ಅದು ಬೇರೆ ಯಾರದ್ದೋ. ಇವರು ನನ್ನದೇ ಅಂದುಕೊಂಡರು. ಸುಮಾರು ನಲವತ್ತು ನಿಮಿಷ ಹಾಗೆಯೇ ಅಂದುಕೊಂಡು ನಿಂತಿದ್ದರು. ಇದನ್ನೆಲ್ಲ ನನಗೆ ಹೇಳಿದ್ದು ಹನ್ನೊಂದು ವರ್ಷದ ಮೇಲೆ, ಮಗಳ ಹುಟ್ಟುಹಬ್ಬದ ದಿನ, ತಟ್ಟೆ ತೊಳೆಯುತ್ತಾ. ಆಗ ನನಗೆ ಒಂದು ವಿಷಯ ಅರ್ಥವಾಯಿತು. ಆವತ್ತು ನನ್ನ ಒಡವೆಯ ಗಂಟು ಬಿಚ್ಚಲು ಬಾರದೆ ಕರ್ಚೀಫನ್ನೇ ಕತ್ತರಿಸಬೇಕಾಗಿತ್ತು. ಯಾಕಿಷ್ಟು ಬಿಗಿದಿದೆ ಅಂತ ಆಗ ನಾನು ಕೇಳಿರಲಿಲ್ಲ.

ಅಮ್ಮಂದಿರ ಭಯ ಇನ್ನೊಂದು ಬಗೆಯದು. ಕುಂದಾಪುರದ ಕಡೆಯಿಂದ ಮತ್ಸ್ಯಗಂಧ ರೈಲಿನಲ್ಲಿ ಬಂದಿದ್ದ ಒಬ್ಬ ತಾಯಿ, ಬಾಣಂತಿ ಮದ್ದಿನ ಡಬ್ಬಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಗಳಿಗೆ ಮಾಸು ಅಡ್ಡ ಬಂದಿತ್ತು. “ನಂಗೆ ನಾಲ್ಕೂ ಮನೆಯಲ್ಲೇ ಆದದ್ದು ಡಾಕ್ಟ್ರೇ, ಇವಳಿಗೆ ಮಾತ್ರ ಎಂತಕ್ಕೆ ಹೀಗೆ? ನಾನು ಸರಿಯಾಗಿ ತಿನ್ನಿಸಲಿಲ್ಲವಾ?” ಅಂದರು. ಮಗಳು ಕಾಲೇಜಿಗೆ ಹೋಗುವಾಗ ತಿಂಡಿ ಬಿಟ್ಟು ಹೋಗುತ್ತಿದ್ದದ್ದನ್ನು ಅವರು ಇಲ್ಲಿಯ ತನಕ ಹೊತ್ತು ತಂದಿದ್ದರು. ಮಾಸು ಎಲ್ಲಿ ಅಂಟಿಕೊಳ್ಳುತ್ತದೆ ಅನ್ನುವುದಕ್ಕೂ ತಾಯಿ ತಿನ್ನಿಸಿದ ತಿಂಡಿಗೂ ಸಂಬಂಧವಿಲ್ಲ ಅಂತ ಹೇಳಿದೆ. ಹಿಂದಿನ ಕಾಲದಲ್ಲಿ ಇದೇ ತೊಂದರೆಯಿದ್ದವರು ಮನೆಯಲ್ಲೇ ರಕ್ತ ಹೋಗಿ ಉಳಿಯುತ್ತಿರಲಿಲ್ಲ ಅಂತಲೂ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ತನ್ನ ಚಿಕ್ಕಮ್ಮ ಹಾಗೇ ಹೋದದ್ದನ್ನು ಹೇಳಿದರು. ಅಂಥವರಿಗೆ ಧೈರ್ಯ ಹೇಳುವ ಮೊದಲು ಅವರ ಮಾತು ಕೇಳಬೇಕು. ಅವರಲ್ಲಿರುವುದು ಬೇರೆಯೇ ಯಾವುದೋ ಹೆರಿಗೆಯ ಭಯ.

ಮುಂಬೈಯವರಿಗೇ ಇರುವ ಕೆಲವು ಚಿಂತೆಗಳಿಗೆ ಪರಿಹಾರ ಸುಲಭ. ಜುಲೈಯಲ್ಲಿ ತಾರೀಖು ಬಿದ್ದರೆ, ಹಿಂದ್‌ಮಾತಾದಲ್ಲಿ ನೀರು ನಿಂತರೆ ಪರೇಲ್‌ಗೆ ಹೇಗೆ ತಲುಪುವುದು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಹಿಂದಿನ ದಿನವೇ ಅಡ್ಮಿಟ್ ಮಾಡಿಸಿ. ರಕ್ತಕ್ಕಾಗಿ ನಸುಕಿನಲ್ಲಿ ಓಡಾಡಬೇಡಿ. ಗುಂಪು ಯಾವುದು, ಬೇಕಾಗುವ ಸಂಭವ ಎಷ್ಟು, ಬ್ಲಡ್ ಬ್ಯಾಂಕಿನಲ್ಲಿ ಇದೆಯೇ ಅಂತ ವಾರ ಮೊದಲು ಕೇಳಿ. ದುಡ್ಡು ಕೊಡಿ, ರಕ್ತ ತಂದುಕೊಡುತ್ತೇನೆ ಅನ್ನುವವರನ್ನು ನಂಬಬೇಡಿ, 1998ರಿಂದ ಈ ದೇಶದಲ್ಲಿ ದುಡ್ಡಿಗೆ ರಕ್ತ ಕೊಡುವುದಕ್ಕೆ ನಿಷೇಧವಿದೆ. ಫೋನನ್ನು ಭಾವಮೈದುನನಿಗೋ ತಂಗಿಗೋ ಕೊಟ್ಟುಬಿಡಿ. ಬಾಗಿಲ ಹೊರಗೆ ನಿಂತವನಿಗೆ ಊರಿನಿಂದ ನಿಮಿಷಕ್ಕೊಂದು ಕರೆ, “ಆಯ್ತಾ? ಗಂಡಾ ಹೆಣ್ಣಾ?” ಅಂತ.

ರಜೆಯ ಬಗ್ಗೆ ನನಗೆ ಸಿಟ್ಟಿದೆ. ಕೇಂದ್ರ ಸರ್ಕಾರಿ ನೌಕರನಾದ ಗಂಡನಿಗೆ 15 ದಿನ ಪಿತೃತ್ವ ರಜೆಯಿದೆ. ಖಾಸಗಿ ಕಂಪನಿಗಳಿಗೆ ಹಾಗೆ ಕೊಡಲೇಬೇಕು ಅನ್ನುವ ಕಾನೂನಿಲ್ಲ. ಹೋಟೆಲಿನಲ್ಲಿ, ಗ್ಯಾರೇಜಿನಲ್ಲಿ, ಸೈಟಿನಲ್ಲಿ ದುಡಿಯುವ ಹುಡುಗ ಮಗು ನೋಡಿ ಅದೇ ಸಂಜೆ ಕೆಲಸಕ್ಕೆ ಓಡುತ್ತಾನೆ. ಇಲ್ಲಿ ಹೋಟೆಲ್ ನಡೆಸುವವರು ಕೆಲವರು ಇದ್ದೀರಿ. ಕಾನೂನು ಬರುವ ತನಕ ಕಾಯಬೇಡಿ, ನಿಮ್ಮ ಹುಡುಗರಿಗೆ ಸಂಬಳದ ಜೊತೆ ಒಂದು ವಾರ ಬಿಡಿ.

ಮನೆಗೆ ಬಂದ ಮೇಲೂ ಕೆಲವರಲ್ಲಿ ಇದು ಇಳಿಯುವುದಿಲ್ಲ. ನಿದ್ದೆ ಬಾರದು, ಆ ದೃಶ್ಯವೇ ಕಣ್ಣ ಮುಂದೆ, ಮಗುವನ್ನು ಎತ್ತಿಕೊಳ್ಳಲು ಹಿಂಜರಿಕೆ, ಸುಮ್ಮಸುಮ್ಮನೆ ಸಿಡುಕು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿ 2010ರಲ್ಲಿ ಲೆಕ್ಕ ಮಾಡಿದಾಗ, ಹೆಂಡತಿಯ ಬಸಿರು ಬಾಣಂತನದ ಅವಧಿಯಲ್ಲಿ ಸುಮಾರು ಹತ್ತರಲ್ಲಿ ಒಬ್ಬ ತಂದೆಗೆ ಖಿನ್ನತೆ ಇತ್ತು. ಬಾಣಂತಿಗೆ ಕಾಳುಮೆಣಸಿನ ಸಾರು, ಎಣ್ಣೆ ಸ್ನಾನ ಎಲ್ಲ ಉಂಟು, ಅವನಿಗೆ ಏನೂ ಇಲ್ಲ. ಎರಡು ವಾರ ಕಳೆದರೂ ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ.

ಮಾತು ಮುಗಿದ ಮೇಲೆ ಮೂರನೆಯ ಸಾಲಿನಿಂದ ಒಬ್ಬ ಹಿರಿಯ ಹೆಂಗಸು ಎದ್ದು ನಿಂತರು. ಸೊಸೆಗೆ ಮುಂದಿನ ತಿಂಗಳು ತಾರೀಖು ಕೊಟ್ಟಿದ್ದಾರಂತೆ. “ಮಗ ಮನೆಯಲ್ಲಿ ಮಾತೇ ಆಡ್ತಿಲ್ಲಮ್ಮ. ಏನಂತ ಕೇಳ್ಲಿ ಅವನ್ನ?”

ಏನೂ ಕೇಳಬೇಡಿ ಅಂದೆ. ಊಟವಾದ ಮೇಲೆ ಅವನ ಜೊತೆ ಒಂದು ಸುತ್ತು ನಡೆದು ಬನ್ನಿ, ಅವನು ಹುಟ್ಟಿದ ದಿನ ಏನೇನಾಯಿತು ಅಂತ ಅವನಿಗೆ ಹೇಳಿ.

“ಅವನೂ ಆಪರೇಷನ್‌ನಲ್ಲೇ ಹುಟ್ಟಿದ್ದು, ಇಲ್ಲೇ ಮುಂಬೈಯಲ್ಲಿ” ಅಂದರು ಆಕೆ. ಸ್ವಲ್ಪ ತಡೆದು, “ಇವರು ಆವತ್ತು ಎಲ್ಲಿದ್ರು ಅಂತ ನಾನು ಯಾವತ್ತೂ ಕೇಳೇ ಇಲ್ಲ” ಅಂದರು.

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಯಜಮಾನರು ತಲೆ ಎತ್ತದೆ ಹೇಳಿದರು, “ಮೆಟ್ಟಿಲ ಮೇಲೆ ಕೂತಿದ್ದೆ. ಬೆಳಗಾಗೋ ತನಕ.”